ಹಾಬಿಟ್‌ಗಳಿಗೂ ಒಂದು ವಿದೇಶಾಂಗ ನೀತಿ ಬೇಕಿತ್ತು

(ಮಡಿಕೇರಿಯಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಬಿಡುವು ಮಾಡಿಕೊಂಡು ಬಂದಿದ್ದೀರಿ, ತುಂಬಾ ಸಂತೋಷ. ಡ್ರ್ಯಾಗನ್, ಮಾಂತ್ರಿಕರು, ಮಾಯದ ಉಂಗುರ, ಇವುಗಳ ಜೊತೆ ದೇಶ ದೇಶಗಳ ನಡುವಿನ ರಾಜಕೀಯವನ್ನೂ ಸೇರಿಸಿ ಮಾತಾಡುತ್ತೇನೆ ಅಂದಾಗ ಕೆಲವರಿಗೆ ಅನುಮಾನ ಬಂದಿರಬಹುದು. ಆದರೆ ವಿದ್ವಾಂಸರು ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ. ಹ್ಯಾರಿ ಪಾಟರ್ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಲೇಖನಗಳ ಒಂದು ಸಂಕಲನ 2006ರಲ್ಲಿ ಬಂತು. ಸತ್ತವರು ಎದ್ದು ಬಂದರೆ ದೇಶಗಳು ಏನು ಮಾಡುತ್ತವೆ ಎಂದು ಡೇನಿಯಲ್ ಡ್ರೆಜ್ನರ್ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಾಬಿಟ್ ಎಂಬ ಕುಳ್ಳ ಜನರಿರುವ, ಟೋಲ್ಕಿನ್ ಅವರ ಕಥಾಲೋಕವಾದ ಮಧ್ಯಭೂಮಿಯ ಮೇಲೆ 2012ರಲ್ಲಿ ಇನ್ನೊಂದು ಬಂತು.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳನ್ನು ಕಟ್ಟಿದವರು ಬಹುತೇಕ ದೊಡ್ಡ ದೇಶಗಳಲ್ಲಿ ಕೂತವರು. ಹಾಗಾಗಿ ಅವರ ಪ್ರಶ್ನೆಗಳೂ ದೊಡ್ಡವರ ಪ್ರಶ್ನೆಗಳೇ. ಯಾರ ಬಲ ಹೆಚ್ಚಾಯಿತು, ಯಾರದ್ದು ಕಡಿಮೆಯಾಯಿತು, ಮುಂದಿನ ಯುದ್ಧ ಯಾರ ಯಾರ ನಡುವೆ, ಹೀಗೆ. ಫ್ಯಾಂಟಸಿ ಕಥೆಗಳಲ್ಲಿ ಮಾತ್ರ ಸಣ್ಣ ನಾಡುಗಳು ಕಥೆಯ ನಡುವೆಯೇ ಇರುತ್ತವೆ. ಅಲ್ಲಿ ನಿಂತು ನೋಡಿದರೆ ಈ ಸಿದ್ಧಾಂತಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇಗ ಗೊತ್ತಾಗುತ್ತದೆ. ಕೊಡಗಿನವರಿಗೆ ಇನ್ನೂ ಬೇಗ ಗೊತ್ತಾಗುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಎಲ್ಲ ಸಿದ್ಧಾಂತಗಳೂ ಹೊರಡುವ ಜಾಗ ನೋಡೋಣ. ಒಂದು ದೇಶದ ಒಳಗೆ ಜಗಳ ಆದರೆ ಪೊಲೀಸ್ ಇದ್ದಾರೆ, ಕೋರ್ಟ್ ಇದೆ. ದೇಶ ದೇಶಗಳ ನಡುವೆ ಜಗಳ ಆದರೆ ಮೇಲೆ ಯಾರೂ ಇಲ್ಲ. ದಂಡಿಸುವವರಿಲ್ಲದ ಇಂಥ ಸ್ಥಿತಿಗೆ ಕೌಟಿಲ್ಯ ಮತ್ಸ್ಯನ್ಯಾಯ ಅನ್ನುತ್ತಾನೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ, ಕೇಳುವವರು ಯಾರೂ ಇಲ್ಲ. ನಮ್ಮ ಭಾರತದ ಕಥೆಯಲ್ಲೂ ಅಷ್ಟೇ ಅಲ್ವಾ? ಕೃಷ್ಣ ಸಂಧಾನಕ್ಕೆ ಹೋಗಿ ಐದೇ ಐದು ಊರು ಕೇಳಿದ. ದುರ್ಯೋಧನ ಕೊಡಲಿಲ್ಲ. ಅವನ ಮೇಲೆ ದಾವೆ ಹೂಡಲು ಯಾವ ನ್ಯಾಯಾಲಯವೂ ಇರಲಿಲ್ಲ.

ವಾಸ್ತವವಾದಿಗಳು ಇಲ್ಲಿಂದಲೇ ಶುರು ಮಾಡುತ್ತಾರೆ. ಕೆನೆತ್ ವಾಲ್ಟ್ಜ್ 1979ರಲ್ಲಿ ಬರೆದದ್ದರ ತಿರುಳು ಇಷ್ಟು. ಮೇಲೆ ಕಾಯುವವರಿಲ್ಲ, ಆದ್ದರಿಂದ ಪ್ರತಿಯೊಂದು ದೇಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ರಾಜ ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ ಅವನು ಸಿಕ್ಕಿಕೊಂಡ ಸನ್ನಿವೇಶ ದೊಡ್ಡದು. ನಾನು ಬಲ ಹೆಚ್ಚಿಸಿಕೊಂಡರೆ ಪಕ್ಕದವನಿಗೆ ಭಯ. ಅವನು ಹೆಚ್ಚಿಸಿಕೊಂಡರೆ ನನಗೆ ಭಯ. ಇಬ್ಬರಿಗೂ ಯುದ್ಧ ಬೇಡದಿದ್ದರೂ ಇಬ್ಬರೂ ಕತ್ತಿ ಮಸೆಯುತ್ತಾ ಕೂರುತ್ತಾರೆ.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಬಂತು. ಅದರಲ್ಲಿ ರಿವೆಂಡೆಲ್ ಎಂಬಲ್ಲಿ ಒಂದು ಸಭೆ ಸೇರುತ್ತದೆ. ಶತ್ರು ಸೌರಾನ್ ಮಾಡಿದ, ಅಪಾರ ಶಕ್ತಿಯಿರುವ ಉಂಗುರ ಇವರ ಕೈಗೆ ಸಿಕ್ಕಿದೆ. ಏನು ಮಾಡಬೇಕು? ಗೊಂಡೋರ್ ರಾಜ್ಯದ ಬೊರೊಮಿರ್ ಎದ್ದು, ನಮ್ಮ ಕೈಗೆ ಬಂದ ಆಯುಧವನ್ನು ನಾವೇ ಯಾಕೆ ಬಳಸಬಾರದು ಎಂದು ಕೇಳುತ್ತಾನೆ. ಅವನನ್ನು ದುರಾಸೆಯವನು ಎಂದು ಓದಿ ಮುಂದೆ ಹೋಗುವವರೇ ಜಾಸ್ತಿ. ಅವನ ಊರು ಎಲ್ಲಿದೆ ನೋಡಿ. ಸೌರಾನ್‌ನ ನಾಡು ಮೊರ್ಡೋರ್‌ನ ಎದುರಿಗೇ ಇದೆ. ಸಾಯುತ್ತಿರುವವರು ಅವನ ಜನ. ದೂರದಲ್ಲಿ ಕೂತ ಎಲ್ಫ್ ಕುಲದವರಿಗೆ ತಾಳ್ಮೆಯ ಮಾತು ಸುಲಭ. ವಾಲ್ಟ್ಜ್ ಅವರ ತರ್ಕದಲ್ಲಿ ನೋಡಿದರೆ ಬೊರೊಮಿರ್ ಹೇಳಿದ್ದು ಯಾವ ಗಡಿ ರಾಜ್ಯದ ಮಂತ್ರಿಯೂ ಹೇಳುವ ಮಾತೇ.

ಸಾರುಮನ್ ಎಂಬ ಮಾಂತ್ರಿಕ ಇನ್ನೊಂದು ದಾರಿ ಹೇಳುತ್ತಾನೆ. ಹೊಸ ಶಕ್ತಿ ಏಳುತ್ತಿದೆ, ಅದರ ಜೊತೆ ಸೇರೋಣ, ಒಳಗಿದ್ದುಕೊಂಡೇ ಮೆಲ್ಲಗೆ ಅದನ್ನು ನಮ್ಮ ಕಡೆ ತಿರುಗಿಸೋಣ ಎಂದು ಇನ್ನೊಬ್ಬ ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಬುದ್ಧಿ ಹೇಳುತ್ತಾನೆ. ನಮ್ಮಲ್ಲಿ ಗೆದ್ದೆತ್ತಿನ ಬಾಲ ಹಿಡಿಯುವುದು ಅನ್ನುತ್ತಾರಲ್ಲ, ಅದೇ. ಬಲಿಷ್ಠನ ಎದುರು ನಿಂತು ಸಮತೋಲ ಮಾಡುವುದೋ, ಅವನ ಬಾಲ ಹಿಡಿಯುವುದೋ? ಈ ಒಂದು ಪ್ರಶ್ನೆಯ ಮೇಲೆ ವಾಸ್ತವವಾದಿಗಳು ಕಂತೆಗಟ್ಟಲೆ ಬರೆದಿದ್ದಾರೆ.

ಆದರೆ ಇಷ್ಟೂ ದೊಡ್ಡವರ ಮಾತಾಯಿತು. ಸಣ್ಣವರು ಏನು ಮಾಡಬೇಕು? ಗ್ರೀಸಿನ ಇತಿಹಾಸಕಾರ ಥುಸಿಡಿಡೀಸ್ ಮೆಲೋಸ್ ಎಂಬ ದ್ವೀಪದ ಕಥೆ ಬರೆದಿದ್ದಾನೆ. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಬಂದು ಶರಣಾಗಿ ಅಂದರು. ಮೆಲೋಸಿನವರು ನ್ಯಾಯದ ಮಾತಾಡಿದರು. ಬಲವಿದ್ದವರು ತಮ್ಮಿಂದ ಆದದ್ದನ್ನು ಮಾಡುತ್ತಾರೆ, ಇಲ್ಲದವರು ಸಹಿಸಿಕೊಳ್ಳುತ್ತಾರೆ ಎಂದು ಅಥೆನ್ಸಿನವರು ಹೇಳಿದರು. ಕೊನೆಗೆ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಪಾಠ ಅಲ್ಲಿಗೇ ಮುಗಿಯುತ್ತದೆ. ಸಣ್ಣವನು ಸಾಯಬೇಕು, ಇಲ್ಲವೇ ತಲೆ ಬಾಗಬೇಕು ಅನ್ನುವಷ್ಟರಲ್ಲೇ ನಿಲ್ಲುತ್ತದೆ. ನನಗೆ ಇದು ಸಾಲದು.

ನಮ್ಮ ಕೌಟಿಲ್ಯ ಇಲ್ಲಿ ಇನ್ನೂ ಒಳಕ್ಕೆ ಹೋಗುತ್ತಾನೆ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಇಲ್ಲಿಂದ ಬಸ್ಸು ಹತ್ತಿದರೆ ಮೂರು ನಾಲ್ಕು ಗಂಟೆಯಲ್ಲಿ ಆ ಊರು ಸಿಗುತ್ತದೆ. ಆದರೂ ನಮ್ಮ ಹುಡುಗರು ಥುಸಿಡಿಡೀಸನ ಹೆಸರು ಮೊದಲು ಕೇಳುತ್ತಾರೆ ಅನ್ನುವುದು ನನಗೆ ಬೇಸರದ ಸಂಗತಿ.

ಕೌಟಿಲ್ಯನ ಮಂಡಲ ಸಿದ್ಧಾಂತ ನಿಮಗೆ ಗೊತ್ತಿರಬಹುದು. ಗಡಿ ತಾಗುವವನು ಶತ್ರು, ಅವನ ಆಚೆಯವನು ಮಿತ್ರ, ಅದರಾಚೆಗೆ ಶತ್ರುವಿನ ಮಿತ್ರ. ಬೆನ್ನ ಹಿಂದೆ ಕಾದಿರುವವನು ಪಾರ್ಷ್ಣಿಗ್ರಾಹ. ನಮ್ಮ, ಶತ್ರುವಿನ, ಇಬ್ಬರ ಗಡಿಗೂ ತಾಗಿಕೊಂಡಿರುವವನು ಮಧ್ಯಮ. ಎಲ್ಲರಿಗಿಂತ ಬಲಿಷ್ಠ, ಆದರೆ ದೂರ ಇರುವವನು ಉದಾಸೀನ. ಒಟ್ಟು ಹನ್ನೆರಡು ರಾಜರು. ಮಧ್ಯಭೂಮಿಯ ನಕ್ಷೆ ತೆಗೆದು ಪೆನ್ಸಿಲ್‌ನಲ್ಲಿ ಗುರುತು ಹಾಕಿ ನೋಡಿ. ಗೊಂಡೋರ್‌ಗೆ ಮೊರ್ಡೋರ್ ಶತ್ರು. ಕುದುರೆ ಸವಾರರ ನಾಡು ರೋಹನ್ ಮಿತ್ರ. ದಕ್ಷಿಣದ ಹರಾಡ್ ಶತ್ರುವಿನ ಮಿತ್ರ. ಬೆನ್ನ ಹಿಂದೆ ಐಸೆಂಗಾರ್ಡ್ ಕೋಟೆಯಲ್ಲಿ ಕೂತ ಸಾರುಮನ್ ಪಾರ್ಷ್ಣಿಗ್ರಾಹ.

ರೋಹನ್ ಕಡೆಯಿಂದ ಇದೇ ನಕ್ಷೆ ನೋಡಿ, ಬೇರೆಯೇ ಕಾಣುತ್ತದೆ. ಸಾರುಮನ್ ಐಸೆಂಗಾರ್ಡ್‌ಗೆ ಬಂದದ್ದು ಕತ್ತಿ ಹಿಡಿದುಕೊಂಡಲ್ಲ. ಕಠಿಣವಾದ ಒಂದು ಚಳಿಗಾಲ, ಯುದ್ಧ, ಹಸಿವು ಎಲ್ಲ ದಾಟಿ ರೋಹನ್‌ನಲ್ಲಿ ಹೊಸ ರಾಜನ ಪಟ್ಟಾಭಿಷೇಕ ನಡೆಯುವಾಗ ಉಡುಗೊರೆ ಹೊತ್ತು ಬಂದ. ನಿಮ್ಮವರಂಥ ಶೂರರಿಲ್ಲ ಎಂದು ಹೊಗಳಿದ. ಕೋಟೆಯ ಬೀಗದ ಕೈಗಳನ್ನು ಗೊಂಡೋರ್ ಅವನಿಗೆ ಕೊಟ್ಟಿತು. ಪಕ್ಕದಲ್ಲಿ ಬಲವಾದ ಸ್ನೇಹಿತ ಇದ್ದರೆ ಒಳ್ಳೆಯದೇ ಎಂದು ರೋಹನ್ ಕೂಡ ಸಂತೋಷಪಟ್ಟಿತು. ದೊಡ್ಡ ಮಿತ್ರರಾಜ್ಯ ಬೇರೆ ಯಾರಿಗೋ ಕೊಟ್ಟ ಕೀಲಿ, ಕಾಲ ಕಳೆದಂತೆ ಸಣ್ಣ ರಾಜ್ಯದ ಕುತ್ತಿಗೆಗೆ ಬಂತು. ಯುದ್ಧ ಬಂದಾಗ ರೋಹನ್ ಮೊದಲು ಹೋರಾಡಬೇಕಾಗಿ ಬಂದದ್ದು ಈ ಹಳೆಯ ಸ್ನೇಹಿತನ ಜೊತೆ.

ಈಗ ಕೊಡಗಿಗೆ ಬರುತ್ತೇನೆ. ಇಲ್ಲಿನ ರಾಜ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ. 1788ರಲ್ಲಿ ತಪ್ಪಿಸಿಕೊಂಡು ಬಂದ. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. ಆ ಕಾಲದ ನೋವು ಈ ಊರಿನ ಮನೆಮನೆಗೂ ಗೊತ್ತು, ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿಯ ಕಡೆಯ ಜನರಲ್ ಅಬರ್‌ಕ್ರೊಂಬಿಯ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದ ಕಡೆ ಹೋದದ್ದು ನಮ್ಮ ನಾಡಿನ ಮೂಲಕ. ರಾಜ ದಾರಿ ಕೊಟ್ಟ, ದವಸ ಕೊಟ್ಟ. ಅವರಿಬ್ಬರ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿಸಿದ ಊರೇ ವಿರಾಜಪೇಟೆ.

ಮಂಡಲದ ಲೆಕ್ಕದಲ್ಲಿ ಅವನು ಮಾಡಿದ್ದು ಸರಿಯಾಗಿಯೇ ಇದೆ. ಗಡಿ ತಾಗುವವನ ವಿರುದ್ಧ ಆಚೆಯವನನ್ನು ಹಿಡಿದ. ಅರ್ಥಶಾಸ್ತ್ರದ ಹನ್ನೆರಡನೆಯ ಅಧಿಕರಣ ಪೂರ್ತಿ ಇರುವುದೇ ಬಲ ಕಡಿಮೆ ಇರುವ ರಾಜನಿಗಾಗಿ. ಬಲಿಷ್ಠ ಬಂದಾಗ ಬೆತ್ತದ ಹಾಗೆ ಬಾಗು ಎಂದು ಹಿಂದಿನ ಆಚಾರ್ಯ ಭಾರದ್ವಾಜ ಹೇಳಿದ. ಇದ್ದ ಬಲವನ್ನೆಲ್ಲ ಹಾಕಿ ಹೋರಾಡು ಎಂದು ಇನ್ನೊಬ್ಬ ಆಚಾರ್ಯ ವಿಶಾಲಾಕ್ಷ ಹೇಳಿದ. ಕೌಟಿಲ್ಯ ಎರಡನ್ನೂ ಒಪ್ಪುವುದಿಲ್ಲ. ಸದಾ ಬಾಗುವವನಿಗೆ ಬದುಕಿನಲ್ಲಿ ಭರವಸೆ ಇಲ್ಲ. ಸುಮ್ನೆ ಹೋರಾಡುವವನು ಮುಳುಗುತ್ತಾನೆ. ಇನ್ನೊಬ್ಬ ಬಲಿಷ್ಠನ ಆಶ್ರಯ ಹಿಡಿ, ಇಲ್ಲವೇ ಶತ್ರು ನುಗ್ಗಲಾಗದ ಕೋಟೆ ಹಿಡಿ ಅನ್ನುತ್ತಾನೆ. ದೊಡ್ಡವೀರರಾಜೇಂದ್ರ ಎರಡನ್ನೂ ಮಾಡಿದ. ಕಕ್ಕಬ್ಬೆ ಹತ್ತಿರ ಬೆಟ್ಟದ ಮಗ್ಗುಲಿನ ನಾಲ್ಕುನಾಡು ಅರಮನೆ ನೋಡಿದವರಿಗೆ ಎರಡನೆಯದು ಅರ್ಥವಾಗುತ್ತದೆ.

ಆದರೆ ಮಂಡಲ ತಿರುಗುತ್ತಾ ಇರುತ್ತದೆ. 1792ರಲ್ಲಿ ಮಲಬಾರ್ ಕಂಪನಿಯ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಕೆನರಾ ಕೂಡ ಕಂಪನಿಗೆ ಹೋಯಿತು, ಮೈಸೂರು ಕಂಪನಿಯ ಆಶ್ರಯಕ್ಕೆ ಬಂತು. ನಿನ್ನೆಯವರೆಗೆ ಶತ್ರುವಿನ ಆಚೆ ಇದ್ದ ಮಿತ್ರ ಈಗ ನಾಲ್ಕೂ ದಿಕ್ಕಿನ ಗಡಿಯಲ್ಲಿ ನಿಂತ. ಕೌಟಿಲ್ಯನ ಸೂತ್ರದಂತೆ ಗಡಿ ತಾಗುವವನು ಯಾರು? 1834ರಲ್ಲಿ ಉತ್ತರ ಬಂತು. ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಮಾಸ್ತಿಯವರ ಕಾದಂಬರಿ ಓದಿದವರಿಗೆ ಆ ರಾಜನ ದೋಷಗಳು ಎದ್ದು ಕಾಣುತ್ತವೆ. ಅವು ನಿಜವೇ ಇರಬಹುದು. ಆದರೂ ನನ್ನ ಅಭಿಪ್ರಾಯ ಇದು: ಅವನ ಜಾಗದಲ್ಲಿ ಸಾಧುರಾಜ ಇದ್ದಿದ್ದರೂ ಕಂಪನಿಗೆ ಇನ್ನೊಂದು ನೆಪ ಸಿಗುತ್ತಿತ್ತು. ಕಂಪನಿಗೆ ಕೊಡಗಿನ ಅಗತ್ಯ ಮುಗಿದದ್ದು 1799ರಲ್ಲಿ. ಆಮೇಲಿನ 35 ವರ್ಷ ನಡೆದದ್ದು ಹಳೆಯ ವಿಶ್ವಾಸದ ಮೇಲೆ.

ಇದಕ್ಕೇ ಕೊಡಗಿನವರಿಗೆ ರೋಹನ್ ಬೇಗ ಅರ್ಥವಾಗುತ್ತದೆ ಅಂದೆ.

ಟೋಲ್ಕಿನ್ ಕಥೆಯಲ್ಲಿ ಬರುವ ಎಂಟ್‌ಗಳ ಬಗ್ಗೆ ಎರಡು ಮಾತು. ಇವರು ನಡೆದಾಡುವ ಮರಗಳಂಥವರು, ಕಾಡಿನ ಕಾವಲುಗಾರರು. ದೇವರಕಾಡುಗಳ ನಾಡಿನಲ್ಲಿ ಇವರನ್ನು ಪರಿಚಯಿಸುವುದು ಸುಲಭ. ಇವರ ಹಿರಿಯ ಟ್ರೀಬಿಯರ್ಡ್, ನಾನು ಪೂರ್ತಿಯಾಗಿ ಯಾರ ಪಕ್ಷವೂ ಅಲ್ಲ, ಯಾಕಂದರೆ ಪೂರ್ತಿಯಾಗಿ ನನ್ನ ಪಕ್ಷದವರು ಯಾರೂ ಇಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಅಲಿಪ್ತ ನೀತಿಯ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ. ಸಾರುಮನ್ ಬಲಿಷ್ಠ ಅಂತ ಇವರಿಗೆ ಮೊದಲಿಂದಲೂ ಗೊತ್ತಿತ್ತು, ಆದರೂ ಸುಮ್ಮನಿದ್ದರು. ಮರಗಳಿಗೆ ಕೊಡಲಿ ಬಿದ್ದ ಮೇಲೆ ಮೂರು ದಿನ ಸಭೆ ಕೂತು ಯುದ್ಧಕ್ಕೆ ಹೊರಟರು. ಸ್ಟೀಫನ್ ವಾಲ್ಟ್ ಎಂಬ ಇನ್ನೊಬ್ಬ ವಾಸ್ತವವಾದಿ 1987ರಲ್ಲಿ ಇದನ್ನೇ ಹೇಳಿದ್ದು. ದೇಶಗಳು ಎದುರು ನಿಲ್ಲುವುದು ಬರೀ ಬಲಕ್ಕಲ್ಲ, ಅಪಾಯಕ್ಕೆ. ಬಲ ಎಷ್ಟಿದೆ, ಎಷ್ಟು ಹತ್ತಿರ ಇದೆ, ದಾಳಿ ಮಾಡುವಂಥದ್ದಾ, ಮನಸ್ಸಿನಲ್ಲಿ ಏನಿದೆ, ಈ ನಾಲ್ಕೂ ಸೇರಿದರೆ ಅಪಾಯ.

ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಅಳೆಯುವುದು ಹೇಗೆ? ಇಲ್ಲಿ ಇನ್ನೊಂದು ಪಂಥದವರು ಬರುತ್ತಾರೆ. ಇವರನ್ನು ರಚನಾವಾದಿಗಳು ಅನ್ನೋಣ. ಅಲೆಕ್ಸಾಂಡರ್ ವೆಂಟ್ ಇವರಲ್ಲಿ ಮುಖ್ಯರು. ಅಮೆರಿಕಕ್ಕೆ ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ 5 ಅಣ್ವಸ್ತ್ರಗಳು ಜಾಸ್ತಿ ಭಯ ಹುಟ್ಟಿಸುತ್ತವೆ ಎಂದು ಅವರು ಬರೆದರು. ಆಯುಧದ ಲೆಕ್ಕ ಸಾಲದು, ಯಾರು ನಮ್ಮವರು, ಯಾರು ಹೊರಗಿನವರು ಅನ್ನುವ ನಂಬಿಕೆಯೂ ಬೇಕು. ಆ ನಂಬಿಕೆಯನ್ನು ಕಟ್ಟಿದವರು ಮನುಷ್ಯರೇ.

ಇದಕ್ಕೆ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಥಾಮಾಲೆಯಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೊದಲ ಪುಸ್ತಕ 1996ರಲ್ಲಿ ಬಂತು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಾಗಿ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಉತ್ತರದಲ್ಲಿ 300 ಮೈಲಿ ಉದ್ದ, 700 ಅಡಿ ಎತ್ತರದ ಹಿಮದ ಗೋಡೆ. ಅದನ್ನು ಕಟ್ಟಿದ್ದು ಹಿಮದ ದೆವ್ವಗಳನ್ನು ತಡೆಯಲು. ಸಾವಿರಾರು ವರ್ಷ ಕಳೆಯಿತು. ದೆವ್ವಗಳನ್ನು ಜನ ಮರೆತರು. ಗೋಡೆ ಮಾತ್ರ ಉಳಿಯಿತು. ಆಚೆ ಬದುಕುತ್ತಿದ್ದ ಬಡ ಬುಡಕಟ್ಟಿನವರೇ ಶತ್ರುಗಳು ಎಂದು ಕಾವಲು ಪಡೆ ನಂಬಿಕೊಂಡಿತು. ಗೋಡೆ ಇದ್ದ ಮೇಲೆ ಅದರಾಚೆ ಶತ್ರು ಇರಲೇಬೇಕಲ್ಲ.

ಜಾನ್ ಸ್ನೋ ಎಂಬ ಹುಡುಗ ಕಾವಲು ಪಡೆಯ ನಾಯಕನಾದಾಗ ಸರಳವಾದ ಒಂದು ಪ್ರಶ್ನೆ ಎತ್ತುತ್ತಾನೆ. ಮನುಷ್ಯರ ನಾಡುಗಳನ್ನು ಕಾಯುತ್ತೇವೆ ಎಂದು ಪ್ರಮಾಣ ಮಾಡಿದ್ದೇವೆ. ಗೋಡೆಯ ಆಚೆಯವರು ಮನುಷ್ಯರಲ್ವಾ? ಬಾಗಿಲು ತೆಗೆದು ಅವರನ್ನು ಒಳಗೆ ಬಿಡುತ್ತಾನೆ. ಅವನ ಲೆಕ್ಕ ಮೃದುವಾದದ್ದೇನಲ್ಲ. ಆಚೆ ಸತ್ತ ಪ್ರತಿಯೊಬ್ಬನೂ ದೆವ್ವಗಳ ಸೈನ್ಯಕ್ಕೆ ಸೇರುತ್ತಾನೆ. ವಾಸ್ತವವಾದಿಯೂ ಅವನ ಪರ ಮತ ಹಾಕಬೇಕು, ರಚನಾವಾದಿಯೂ ಹಾಕಬೇಕು. ಅವನ ಸ್ವಂತ ಪಡೆಯವರೇ ಅವನಿಗೆ ಚೂರಿ ಹಾಕಿದರು. ಹಳೆಯ ದ್ವೇಷದ ಮುಂದೆ ಲೆಕ್ಕಾಚಾರ ನಿಲ್ಲಲಿಲ್ಲ.

ಅದೇ ಕಥೆಯ ಇನ್ನೊಂದು ಪ್ರಸಂಗ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಧಾರಾವಾಹಿ ಮಾತ್ರ ನೋಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಸತ್ತವನೊಬ್ಬ ಎದ್ದು ಬಂದು ಕಾವಲು ಪಡೆಯ ನಾಯಕನ ಮೇಲೆ ಬೀಳುತ್ತಾನೆ. ಹೆಣದಿಂದ ತುಂಡಾದ ಕೈ ಆಮೇಲೂ ಅಲ್ಲಾಡುತ್ತಲೇ ಇರುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಒಬ್ಬ ಅಧಿಕಾರಿ ಆ ಕೈಯನ್ನು ಜಾಡಿಯಲ್ಲಿ ಹಾಕಿಕೊಂಡು ರಾಜಧಾನಿಗೆ ಹೋಗುತ್ತಾನೆ. ರಾಜ್ಯ ನಡೆಸುತ್ತಿದ್ದ ಟಿರಿಯನ್‌ಗೆ ಈ ಅಧಿಕಾರಿಯನ್ನು ಕಂಡರೆ ಆಗದು. ಕಾಯಲಿ ಎಂದು ಬಿಡುತ್ತಾನೆ. ಭೇಟಿ ಸಿಗುವ ಹೊತ್ತಿಗೆ ಕೈ ಕೊಳೆತು ಹೋಗಿದೆ, ಜಾಡಿಯಲ್ಲಿ ಮೂಳೆ ಮಾತ್ರ. ಸಭೆಯಲ್ಲಿ ನಗು ಏಳುತ್ತದೆ.

ಟಿರಿಯನ್ ದಡ್ಡನಲ್ಲ, ಆ ಇಡೀ ಕಥೆಯಲ್ಲೇ ಬುದ್ಧಿವಂತ. ಹಿಂದೆ ಗೋಡೆಯ ತನಕ ಹೋಗಿ ಬಂದವನು. ಆದರೂ ಆ ಹೊತ್ತಿಗೆ ಅವನಿಗೆ ಐದು ರಾಜರ ಜಗಳ ಹತ್ತಿರದ್ದು, ಗೋಡೆ ದೂರದ್ದು. ಎಲ್ಲರಿಗೂ ಬೇಕಾದ ಕೆಲಸವನ್ನು ಯಾರೂ ಮಾಡುವುದಿಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ವಿವರಿಸಿದರು. ಲಾಭ ಎಲ್ಲರಿಗೂ ಬರುವುದಾದರೆ ಖರ್ಚು ಬೇರೆಯವರು ಮಾಡಲಿ ಎಂದು ಪ್ರತಿಯೊಬ್ಬರೂ ಕಾಯುತ್ತಾರೆ. ಗೋಡೆಯ 19 ಕೋಟೆಗಳಲ್ಲಿ ಮೂರರಲ್ಲಿ ಮಾತ್ರ ಕಾವಲಿತ್ತು. ಜನ ಕಳಿಸಿ ಎಂದು ಎಲ್ಲ ರಾಜರಿಗೂ ಕಾಗೆಗಳ ಕಾಲಿಗೆ ಓಲೆ ಕಟ್ಟಿ ಕಳಿಸಿದರು. ಬಂದವನು ಸ್ಟ್ಯಾನಿಸ್ ಒಬ್ಬನೇ, ಅದೂ ಬೇರೆ ಕಡೆ ಸೋತ ಮೇಲೆ. ಇಲ್ಲಿ ಯಾವ ರಾಜನನ್ನೂ ಖಳ ಅನ್ನಬೇಕಾಗಿಲ್ಲ. ಜಾಡಿಯಲ್ಲಿ ಕೈ ಕೊಳೆಯಲು ಒಬ್ಬ ಬುದ್ಧಿವಂತನ ಕೆಲಸದ ಒತ್ತಡ ಸಾಕಾಯಿತು.

ಈಗ ಮತ್ತೆ ಟೋಲ್ಕಿನ್ ಕಥೆಗೆ ಬಂದು, ಹಾಬಿಟ್‌ಗಳ ಶೈರ್ ಎಂಬ ನಾಡಿಗೆ ಹೋಗೋಣ. ಇದಕ್ಕಾಗಿಯೇ ನಾನು ಈ ಮಾತಿಗೆ ಆ ಶೀರ್ಷಿಕೆ ಇಟ್ಟದ್ದು.

ಹಾಬಿಟ್‌ಗಳು ಕುಳ್ಳಗಿನ, ಊಟ ತಿಂಡಿ ಅಂದರೆ ಪ್ರಾಣ ಬಿಡುವ, ತೋಟ ಹೊಲ ನೋಡಿಕೊಂಡು ನೆಮ್ಮದಿಯಾಗಿರುವ ಜನ. ಅವರಿಗೆ ಸೈನ್ಯವಿಲ್ಲ, ರಾಯಭಾರಿಗಳಿಲ್ಲ. ಹೊರಗಿನ ಸುದ್ದಿಯಲ್ಲಿ ಆಸಕ್ತಿಯೂ ಇಲ್ಲ. ನಮ್ಮ ಪಾಡಿಗೆ ನಾವಿದ್ದೇವೆ, ಆದ್ದರಿಂದ ಶಾಂತಿ ಇದೆ ಎಂದುಕೊಂಡಿದ್ದಾರೆ. ನಿಜ ಏನೆಂದರೆ, ಅವರ ಗಡಿಯನ್ನು ರೇಂಜರ್‌ಗಳೆಂಬ ಪಡೆ ಹಗಲು ರಾತ್ರಿ ಕಾಯುತ್ತಿದೆ. ಹಾಬಿಟ್‌ಗಳಿಗೆ ಅದು ಗೊತ್ತೂ ಇಲ್ಲ. ಬೇರೆಯವರು ದುಡ್ಡು ಕೊಟ್ಟ ಭದ್ರತೆಯಲ್ಲಿ ಬದುಕುವ ಸಣ್ಣ ದೇಶಗಳು ಇವತ್ತೂ ಇವೆ. ಅವಕ್ಕೆ ಕನಿಷ್ಠ ಯಾರು ಕಾಯುತ್ತಿದ್ದಾರೆ ಎಂದಾದರೂ ಗೊತ್ತಿರುತ್ತದೆ.

ಶೈರ್ ಕಳೆದುಹೋದದ್ದು ಯುದ್ಧದಿಂದ ಅಲ್ಲ, ವ್ಯಾಪಾರದಿಂದ. ಸಿನಿಮಾದಲ್ಲಿ ಈ ಭಾಗವನ್ನೇ ಕೈಬಿಟ್ಟರು, ಅದು ದೊಡ್ಡ ನಷ್ಟ ಎಂದು ನನಗೆ ಅನ್ನಿಸುತ್ತದೆ. ಪುಸ್ತಕದಲ್ಲಿ ಮೆರ್ರಿ, ಪಿಪಿನ್ ಎಂಬ ಇಬ್ಬರು ಹಾಬಿಟ್ ಹುಡುಗರು ಮುರಿದು ಬಿದ್ದ ಐಸೆಂಗಾರ್ಡ್‌ನಲ್ಲಿ ತೇಲಿ ಬಂದ ಎರಡು ಪೀಪಾಯಿ ಕಾಣುತ್ತಾರೆ. ಒಳಗೆ ತಮ್ಮದೇ ಊರಿನ ಒಳ್ಳೆಯ ತಂಬಾಕು. ಖುಷಿಯಿಂದ ಸೇದುತ್ತಾ ಕೂರುತ್ತಾರೆ. ರೇಂಜರ್‌ಗಳ ನಾಯಕ, ಮುಂದೆ ರಾಜನಾಗುವ ಅರಗಾರ್ನ್ ಮಾತ್ರ ನಗುವುದಿಲ್ಲ. ಪೀಪಾಯಿ ಮೇಲೆ ವರ್ಷ ಬರೆದಿತ್ತಾ ಎಂದು ಕೇಳುತ್ತಾನೆ. ಶೈರ್ ಪಂಚಾಂಗದ ಲೆಕ್ಕದಲ್ಲಿ 1417ರ ಬೆಳೆ ಎಂದು ಪಿಪಿನ್ ಹೇಳುತ್ತಾನೆ. ಅಷ್ಟು ದೂರದ ಊರಿನ ಬೆಳೆ ಶತ್ರುವಿನ ಉಗ್ರಾಣಕ್ಕೆ ಹೇಗೆ ಬಂತು? ಯಾರು ಮಾರಿದರು? ಅರಗಾರ್ನ್ ಮನಸ್ಸಿನಲ್ಲಿ ಕೊರೆಯುವುದು ಇದೇ.

ಮಾರಿದವನು ಲೋಥೋ ಎಂಬ ತೋಟದ ಯಜಮಾನ. ಮೊದಲು ತನ್ನ ತೋಟದ ತಂಬಾಕು ಮಾರಿದ. ಬಂದ ದುಡ್ಡಿನಲ್ಲಿ ಇನ್ನಷ್ಟು ತೋಟ, ಗಿರಣಿ, ಛತ್ರ ಎಲ್ಲ ಕೊಂಡ. ಊರಿನ ದವಸವೂ ಗಾಡಿಗಟ್ಟಲೆ ಹೊರಗೆ ಹೋಯಿತು. ಊರಲ್ಲಿ ಕೊರತೆ ಬಂತು. ಆಮೇಲೆ ಹೊರಗಿನಿಂದ ಗಟ್ಟಿಗರು ಬಂದು ನೆಲೆಸಿದರು. ಬೆಳೆ ಲೆಕ್ಕ ಹಾಕಿ ಎತ್ತಿಕೊಂಡು ಹೋಗುವ ಹೊಸ ಅಧಿಕಾರಿಗಳು ಬಂದರು. ಕೊನೆಗೆ ಸಾರುಮನ್ನನೇ ಬಂದು ಕೂತ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1945ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಇದೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ನಾಜಿ ಜರ್ಮನಿ ಆಗ್ನೇಯ ಯುರೋಪಿನ ಸಣ್ಣ ದೇಶಗಳ ಬೆಳೆಯನ್ನು ಧಾರಾಳವಾಗಿ ಕೊಂಡಿತು. ದೊಡ್ಡ ದೇಶಕ್ಕೆ ಅದು ವ್ಯಾಪಾರದ ಒಂದು ಚೂರು, ಸಣ್ಣ ದೇಶಕ್ಕೆ ಅದೇ ಸರ್ವಸ್ವ. ಮುಂದೆ ಆ ಗಿರಾಕಿಗೆ ಇಲ್ಲ ಅನ್ನುವ ಧೈರ್ಯ ಸಣ್ಣವರಿಗೆ ಬರಲಿಲ್ಲ.

ವ್ಯಾಪಾರ ಬೆಳೆದರೆ ಶಾಂತಿ ಬೆಳೆಯುತ್ತದೆ ಎಂದು ಉದಾರವಾದಿಗಳು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದೇ ಪಂಥದ ಕೊಹೇನ್ ಮತ್ತು ನೈ 1977ರಲ್ಲೇ ಎಚ್ಚರಿಸಿದ್ದರು. ಪರಸ್ಪರ ಅವಲಂಬನೆ ಸಮಸಮ ಇಲ್ಲದಿದ್ದರೆ, ಕಡಿಮೆ ಅವಲಂಬಿಸಿದವನ ಕೈ ಮೇಲಾಗುತ್ತದೆ. ಇಲ್ಲಿ ಕೂತಿರುವ ಬೆಳೆಗಾರರಿಗೆ ಇದನ್ನು ನಾನು ಕಲಿಸಬೇಕಾ? ರೋಬಸ್ಟಾ ಕಾಫಿಯ ಬೆಲೆ ಲಂಡನ್ನಿನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕ್‌ನಲ್ಲಿ ತೀರ್ಮಾನವಾಗುತ್ತದೆ. ಚೆರಿ ಮೂಟೆಗೆ ಇವತ್ತು ಎಷ್ಟು ಎಂದು ಬೆಳಗ್ಗೆ ಮೊಬೈಲ್‌ನಲ್ಲಿ ನೋಡುವವರು ನೀವು. 2017ರಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬರುತ್ತಿದೆ ಎಂದು ಇಲ್ಲಿನ ಬೆಳೆಗಾರರು ಎಷ್ಟು ಕೂಗಬೇಕಾಯಿತು! ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಗೊತ್ತು ಮಾಡಿತು. ಮೂಟೆ ಮೇಲೆ ಯಾವ ದೇಶದ ಹೆಸರಿದೆ, ಒಳಗೆ ಯಾವ ದೇಶದ ಮೆಣಸಿದೆ? ಅರಗಾರ್ನ್ ಪೀಪಾಯಿ ನೋಡಿ ಕೇಳಿದ್ದು ಈ ಜಾತಿಯ ಪ್ರಶ್ನೆಯೇ.

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಕಥೆ ಯಾವ ಸಿದ್ಧಾಂತಕ್ಕೂ ಪುರಾವೆ ಆಗುವುದಿಲ್ಲ. ಯಾರು ಗೆಲ್ಲಬೇಕು ಎಂದು ಬರೆದವರೇ ತೀರ್ಮಾನ ಮಾಡಿರುತ್ತಾರೆ. ಟೋಲ್ಕಿನ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು 1916ರಲ್ಲಿ ಸೊಮ್ ಯುದ್ಧದ ಕಂದಕಗಳಲ್ಲಿ ಇದ್ದು ಬಂದವರು. ತಮ್ಮ ಕಥೆಯನ್ನು ಎರಡನೆಯ ಮಹಾಯುದ್ಧದ ರೂಪಕ ಎಂದು ಓದಿದವರಿಗೆ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಉತ್ತರ ಕೊಟ್ಟರು. ನಿಜವಾದ ಯುದ್ಧದ ಹಾಗೆ ಬರೆದಿದ್ದರೆ ಉಂಗುರವನ್ನು ನಾಶ ಮಾಡುತ್ತಿರಲಿಲ್ಲ, ಸೌರಾನ್ ವಿರುದ್ಧವೇ ಬಳಸುತ್ತಿದ್ದರು. ಅವನ ಕೋಟೆಯನ್ನು ಕೆಡವುತ್ತಿರಲಿಲ್ಲ, ವಶಪಡಿಸಿಕೊಳ್ಳುತ್ತಿದ್ದರು. ಸಾರುಮನ್ ತನ್ನದೇ ಒಂದು ಉಂಗುರ ಮಾಡಿಕೊಳ್ಳುತ್ತಿದ್ದ. ಎರಡೂ ಕಡೆಯವರು ಹಾಬಿಟ್‌ಗಳನ್ನು ತುಚ್ಛವಾಗಿ ಕಾಣುತ್ತಿದ್ದರು, ಗುಲಾಮರಾಗಿಯೂ ಅವರು ಬಹಳ ಕಾಲ ಉಳಿಯುತ್ತಿರಲಿಲ್ಲ. ಅವರು ಬರೆದದ್ದರ ಸಾರ ಇಷ್ಟು. ದೊಡ್ಡವರ ಯುದ್ಧದ ಲೆಕ್ಕ ಹಾಕುವಾಗ ಹಾಬಿಟ್‌ಗಳ ಗತಿಯನ್ನೂ ಸೇರಿಸಿ ಹೇಳಿದರು ನೋಡಿ, ಅದಕ್ಕೇ ನನಗೆ ಈ ಲೇಖಕರ ಮೇಲೆ ಗೌರವ.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಒಬ್ಬ ಅಕ್ಕ ಎದ್ದು, ಇಷ್ಟು ಹೊತ್ತು ರಾಜರ ಮಾತೇ ಆಯಿತು, ಹೆಣ್ಣುಮಕ್ಕಳು ಎಲ್ಲಿ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಸ್ತ್ರೀವಾದಿ ವಿದ್ವಾಂಸೆ ಸಿಂಥಿಯಾ ಎನ್ಲೋ 1989ರಲ್ಲಿ ಇದೇ ಪ್ರಶ್ನೆ ಕೇಳಿ ಈ ಶಾಸ್ತ್ರವನ್ನೇ ಅಲುಗಾಡಿಸಿದರು. ಮಾರ್ಟಿನ್ ಅವರ ಕಥೆಯಲ್ಲಿ ಸಾನ್ಸಾ ಎಂಬ ಹುಡುಗಿಯನ್ನು ಒಪ್ಪಂದದ ಕಾಗದದ ಹಾಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಕೊಡಗಿನಲ್ಲಿ ಗೌರಮ್ಮ ಇದ್ದಾಳಲ್ಲ. ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಮಗಳನ್ನು ಲಂಡನ್ನಿಗೆ ಕರೆದುಕೊಂಡು ಹೋದ. 1852ರಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಆ ಮಗುವಿಗೆ ಏನು ಬೇಕಿತ್ತು ಎಂದು ಯಾವ ಒಪ್ಪಂದದಲ್ಲೂ ಬರೆದಿಲ್ಲ. ಗೌರಮ್ಮನ ಕಡೆಯಿಂದ ಈ ಇಡೀ ಉಪನ್ಯಾಸವನ್ನು ಮತ್ತೆ ಬರೆಯಬಹುದು ಎಂದು ಅಕ್ಕನಿಗೆ ಹೇಳಿದೆ. ಅವರೇ ಬರೆಯಲಿ ಎಂದು ನನ್ನ ಆಸೆ.

ಒಬ್ಬ ವಿದ್ಯಾರ್ಥಿ ಕೊನೆಗೆ ಕೇಳಿದ: “ಸರ್, ಯುದ್ಧ ಮುಗಿದ ಮೇಲೆ ಅರಗಾರ್ನ್ ಶೈರನ್ನು ಯಾಕೆ ನುಂಗಲಿಲ್ಲ? ಕಂಪನಿ ಕೊಡಗನ್ನು ನುಂಗಿತಲ್ಲ?”

ಸುಲಭದ ಉತ್ತರ, ಅರಗಾರ್ನ್ ಒಳ್ಳೆಯ ರಾಜ ಅನ್ನುವುದು. ಕೌಟಿಲ್ಯ ಗೆಲ್ಲುವ ರಾಜರಲ್ಲಿ ಮೂರು ಬಗೆ ಹೇಳುತ್ತಾನೆ. ಧರ್ಮವಿಜಯಿಗೆ ಶರಣಾಗತಿ ಸಾಕು. ಲೋಭವಿಜಯಿಗೆ ಭೂಮಿ, ದುಡ್ಡು ಬೇಕು. ಅಸುರವಿಜಯಿಗೆ ಹೆಂಡತಿ ಮಕ್ಕಳು, ಪ್ರಾಣ ಎಲ್ಲವೂ ಬೇಕು. ಅರಗಾರ್ನ್ ಮೊದಲನೆಯವನು ಎನ್ನಬಹುದು. ಆದರೆ ನನಗೆ ಈ ಉತ್ತರ ಸಾಲದು. ಒಳ್ಳೆಯ ರಾಜ ಸತ್ತ ಮೇಲೆ? ಅರಗಾರ್ನ್‌ನ ತೆರಿಗೆ ನೀತಿ ಏನಾಗಿತ್ತು ಎಂದು ಮಾರ್ಟಿನ್ ಒಂದು ಸಂದರ್ಶನದಲ್ಲಿ ಕೇಳಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ.

ಟೋಲ್ಕಿನ್ ಪುಸ್ತಕದ ಅನುಬಂಧದಲ್ಲಿ ಎರಡು ಸಣ್ಣ ಸಂಗತಿಗಳಿವೆ, ಬಹಳ ಜನ ಓದದೆ ಬಿಡುತ್ತಾರೆ. ಶೈರ್ ಸ್ವತಂತ್ರ ನಾಡು, ದೊಡ್ಡ ಮನುಷ್ಯರು ಯಾರೂ ಒಳಗೆ ಕಾಲಿಡಬಾರದು ಎಂದು ಅರಗಾರ್ನ್ ಆಜ್ಞೆ ಹೊರಡಿಸುತ್ತಾನೆ. ಆಮೇಲೆ ತಾನೇ ಆ ಕಡೆ ಬಂದಾಗ ಸೇತುವೆಯ ಹತ್ತಿರವೇ ನಿಂತು ಗೆಳೆಯರನ್ನು ಅಲ್ಲೇ ಮಾತಾಡಿಸುತ್ತಾನೆ, ಒಳಗೆ ಹೋಗುವುದಿಲ್ಲ. ಗೆದ್ದ ದೊಡ್ಡ ದೇಶ ತನ್ನ ಕೈಯನ್ನು ತಾನೇ ನಿಯಮದಿಂದ ಕಟ್ಟಿಕೊಂಡಾಗ ಮಾತ್ರ ಅದರ ವ್ಯವಸ್ಥೆ ಬಾಳುತ್ತದೆ ಎಂದು ಜಾನ್ ಐಕೆನ್‌ಬೆರಿ 2001ರಲ್ಲಿ ವಾದಿಸಿದ್ದು ಹೀಗೇ. ಕಂಪನಿ ಕೊಡಗಿನ ವಿಷಯದಲ್ಲಿ ತನ್ನ ಕೈ ಕಟ್ಟಿಕೊಳ್ಳಲಿಲ್ಲ.

“ಅವನು ಸೇತುವೆ ದಾಟಿದ್ದರೆ ಯಾರು ತಡೆಯುತ್ತಿದ್ದರು ಸರ್?” ಎಂದು ಹುಡುಗ ಬಿಡಲಿಲ್ಲ.

ಎರಡನೆಯ ಸಂಗತಿ ಅದಕ್ಕೆ ಉತ್ತರ. ಆಜ್ಞೆ ಹೊರಟ ಏಳು ವರ್ಷಕ್ಕೆ, ಶೈರ್ ಲೆಕ್ಕದ 1434ರಲ್ಲಿ, ಶೈರ್‌ನ ಮೂವರು ಮುಖ್ಯಸ್ಥರನ್ನು ಉತ್ತರ ರಾಜ್ಯದ ಸಲಹೆಗಾರರನ್ನಾಗಿ ರಾಜ ನೇಮಿಸುತ್ತಾನೆ. ಅವರು ಪಿಪಿನ್, ಮೆರ್ರಿ, ಸ್ಯಾಮ್. ಮೂವರೂ ಹೊರಗಿನ ಜಗತ್ತು ನೋಡಿ ಬಂದವರು. ಸಾರುಮನ್ನನ ಜನರ ವಿರುದ್ಧ ಊರವರನ್ನು ಎಬ್ಬಿಸಿ ನಿಲ್ಲಿಸಿದವರು. ಯುದ್ಧಕ್ಕೆ ಮೊದಲು ಯಾರು ಕಾಯುತ್ತಿದ್ದಾರೆಂದೇ ಗೊತ್ತಿಲ್ಲದ ನಾಡಿಗೆ ಈಗ ದೊಡ್ಡ ರಾಜ್ಯದ ತೀರ್ಮಾನಗಳು ಆಗುವ ಜಾಗದಲ್ಲಿ ಮೂರು ಕುರ್ಚಿಗಳಿದ್ದವು. 1790ರಿಂದ 1834ರ ತನಕದ ಕಂಪನಿ–ಕೊಡಗು ಸಂಬಂಧವನ್ನು ಓದುವಾಗ ನಾನು ಹುಡುಕುವುದು ಆ ಮೂರು ಕುರ್ಚಿಗಳನ್ನೇ ಎಂದು ಅವನಿಗೆ ಹೇಳಿದೆ.